ಖಾಲಿ ಸಾಲು

ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಊಟದಕ್ಕ ಎಂದೇ ಕರೆಯುತ್ತಿದ್ದರು. ಹಾಗೆ ಕರೆಯುತ್ತಿದ್ದವರಲ್ಲಿ ಒಬ್ಬರಿಗೂ ಅವಳು ಒಂದು ತುತ್ತು ಬಡಿಸಿದವಳಲ್ಲ. ಅವಳು ಊಟ ಹಾಕುತ್ತಿದ್ದದ್ದು ಕ್ಯಾನ್ಸರ್ ಕೋಶಗಳಿಗೆ. ಹೀಗೆಂದರೆ ಕೇಳಿದವರು ಹುಬ್ಬೇರಿಸುತ್ತಾರೆ, ಕೆಲವರು ಅಂಟುರೋಗ ಎಂಬಂತೆ ಒಂದು ಹೆಜ್ಜೆ ಹಿಂದೆಯೂ ಸರಿಯುತ್ತಾರೆ. ಆದರೆ ಕ್ಯಾನ್ಸರನ್ನು ಕೊಲ್ಲುವ ಔಷಧಿ ಹುಡುಕಬೇಕೆಂದರೆ ಮೊದಲು ಯಾರಾದರೂ ಆ ಕೋಶಗಳನ್ನು ಸಾಕಿ ಕೊಡಬೇಕಲ್ಲ! ಆ ಸಾಕುವ ಕೆಲಸ ಇಪ್ಪತ್ತಾರು ವರ್ಷದಿಂದ ಅವಳದು.

ಅವಳ ಪಾಲಿಗೆ ಬಂದದ್ದು ದೊಡ್ಡ ಕರುಳಿನ ಕ್ಯಾನ್ಸರಿನ ಕೋಶಗಳು. ಯಾರೋ ಒಬ್ಬ ರೋಗಿಯ ಹೊಟ್ಟೆಯಿಂದ ಎಷ್ಟೋ ದಶಕಗಳ ಹಿಂದೆ ತೆಗೆದ ಗಡ್ಡೆಯ ಸಂತಾನ. ಆ ರೋಗಿ ಯಾವಾಗಲೋ ಮಣ್ಣಾಗಿದ್ದಾನೆ. ಅವನ ಗಡ್ಡೆ ಮಾತ್ರ ಲ್ಯಾಬಿನಿಂದ ಲ್ಯಾಬಿಗೆ ಹೋಗಿ ಉಂಡುಕೊಂಡು ಇದೆ. ಕೋಶಗಳು ಚಪ್ಪಟೆ ಬಾಟಲಿಯ ತಳಕ್ಕೆ ಅಂಟಿಕೊಂಡು ಬೆಳೆಯುತ್ತವೆ. ಮೇಲೆ ತೆಳ್ಳಗೆ ಗುಲಾಬಿ ಬಣ್ಣದ ದ್ರವ, ಅದೇ ಊಟ. ಎರಡು ದಿನಕ್ಕೊಮ್ಮೆ ಹಳೆಯದನ್ನು ಹೀರಿ ತೆಗೆದು ಹೊಸದನ್ನು ಹಾಕಬೇಕು. ಮರೆತರೆ ದ್ರವ ಹಳದಿಗೆ ತಿರುಗುತ್ತದೆ, ಕೋಶಗಳು ಸಾಯುತ್ತವೆ. ಭಾನುವಾರವಿದ್ದರೂ ಹಾಕಬೇಕು, ತನಗೆ ಜ್ವರ ಬಂದರೂ ಹಾಕಬೇಕು. ಮದುವೆಮನೆಯಿಂದ ಊಟಕ್ಕೂ ನಿಲ್ಲದೆ ಹೊರಟಾಗ ಬಂಧುಗಳು "ಯಾಕೆ, ಮನೇಲಿ ಮಕ್ಕಳು ಅಳ್ತಾ ಇದಾವಾ?" ಎಂದು ನಗುತ್ತಿದ್ದರು. ಮದುವೆಯೇ ಆಗದ ಹೆಂಗಸಿಗೆ ಹಾಗೆ ಹೇಳಿದರೆ ಎಲ್ಲಿ ಚುಚ್ಚುತ್ತದೆ ಎಂದು ಒಬ್ಬರೂ ಯೋಚಿಸಲಿಲ್ಲ. ಬರಬರುತ್ತಾ ಕರೆಯುವುದನ್ನೇ ಬಿಟ್ಟರು. ಹೇಗೂ ನಿಲ್ಲುವುದಿಲ್ಲವಲ್ಲ ಎಂಬುದು ಅವರ ವಾದ. ವಾದವೇನೋ ಸರಿಯಾಗಿಯೇ ಇತ್ತು.

ಅವಳ ಮನೆ ಎಂದರೆ ಮೂರನೇ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಎರಡು ಕುರ್ಚಿ, ಒಂದರ ಮೇಲೆ ಸದಾ ಇಸ್ತ್ರಿಗೆ ಕಾದ ಬಟ್ಟೆ, ಅದನ್ನು ಎತ್ತಿಡುವ ಪ್ರಸಂಗವೇ ಬಂದಿರಲಿಲ್ಲ. ಒಮ್ಮೆ ಯಾರೋ ಹೆಂಗಸು ತಪ್ಪು ನಂಬರಿಗೆ ಫೋನ್ ಮಾಡಿ "ಸಾರಿ" ಎಂದಾಗ ಊಟದಕ್ಕ "ಪರವಾಗಿಲ್ಲ ಬಿಡಿ, ನಿಮಗೆ ಯಾರು ಬೇಕಿತ್ತು?" ಎಂದು ಮಾತು ಬೆಳೆಸಲು ನೋಡಿದ್ದಳು. ಆ ಕಡೆಯವಳು ಹೆದರಿ ಇಟ್ಟುಬಿಟ್ಟಳು. ಆಮೇಲೆ ತನಗೇ ನಾಚಿಕೆಯಾಗಿ ಅರ್ಧ ಗಂಟೆ ಪಾತ್ರೆ ತಿಕ್ಕಿದ್ದಳು, ತೊಳೆದಿಟ್ಟ ಪಾತ್ರೆಗಳನ್ನೇ.

ಅವಳಿಗೆ ಒಬ್ಬ ಅಣ್ಣನಿದ್ದ. ಅದೇ ಊರಿನ ಇನ್ನೊಂದು ತುದಿಯಲ್ಲಿ, ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದಲ್ಲಿ ದರ್ಜಿ ಅಂಗಡಿ ಇಟ್ಟಿದ್ದ. ಪ್ಯಾಂಟು ಹೊಲಿಯುವುದರಲ್ಲಿ ಅವನ ಕೈ ಒಳ್ಳೆಯದು ಎಂದು ಮೂರು ಬೀದಿಯಾಚೆಯಿಂದಲೂ ಜನ ಬರುತ್ತಿದ್ದರು. ಅಣ್ಣ ತಂಗಿ ಜಗಳವಾಡಿದವರಲ್ಲ. ಜಗಳವಾಗಿದ್ದರೆ ರಾಜಿಯಾದರೂ ಆಗುತ್ತಿತ್ತು. ತಾಯಿ ಹೋದ ಮೇಲೆ ತಿಂಗಳಿಗೊಮ್ಮೆ ಇದ್ದ ಭೇಟಿ ಆರು ತಿಂಗಳಿಗೊಮ್ಮೆ ಆಯಿತು, ಆಮೇಲೆ ವರ್ಷಕ್ಕೊಂದು ಫೋನು, ಅದರಲ್ಲೂ ಹೆಚ್ಚಿನ ಮಾತೆಲ್ಲ ಅತ್ತಿಗೆಯದೇ.

ಹೀಗಿರುವಾಗ ಲ್ಯಾಬಿಗೆ ಹೊಸ ಸಂಶೋಧಕಿಯೊಬ್ಬಳು ಬಂದಳು. ಅವಳು ಹಿಡಿದು ಬಂದದ್ದು ಯಾವ ಹೊಸ ವಿಷವನ್ನೂ ಅಲ್ಲ, ನಮ್ಮ ನಿಮ್ಮ ಮೈಯಲ್ಲೇ ಇರುವ ಒಂದು ಹಾರ್ಮೋನನ್ನು. ಮೆಲಟೋನಿನ್ ಅಂತ ಅದರ ಹೆಸರು. ಸುತ್ತ ಕತ್ತಲಾದಾಗ ಮಿದುಳಿನೊಳಗಿನ ಒಂದು ಪುಟ್ಟ ಗ್ರಂಥಿ ಇದನ್ನು ರಕ್ತಕ್ಕೆ ಬಿಡುತ್ತದೆ. ಮೈಗೆ ಮಲಗುವ ಹೊತ್ತಾಯಿತು ಎಂದು ಗೊತ್ತಾಗುವುದು ಹೀಗೆ. ನಿದ್ದೆ ಬಾರದವರಿಗೆ ಇದರ ಮಾತ್ರೆಯೂ ಸಿಗುತ್ತದೆ. ಇದು ಕರುಳಿನ ಕ್ಯಾನ್ಸರ್ ಕೋಶಗಳ ಆಟಾಟೋಪವನ್ನೂ ಸ್ವಲ್ಪ ತಗ್ಗಿಸಬಹುದೇ ಎಂಬುದು ಸಂಶೋಧಕಿಯ ಪ್ರಶ್ನೆ.

ತೊಂಬತ್ತಾರು ಗುಳಿಗಳ ಒಂದು ಪ್ಲಾಸ್ಟಿಕ್ ತಟ್ಟೆ ಇರುತ್ತದೆ, ಅಂಗೈಯಗಲದ್ದು. ಪ್ರತಿ ಗುಳಿಯಲ್ಲೂ ಒಂದಿಷ್ಟು ಕೋಶ, ಒಂದು ಹನಿ ಊಟ. ಸಾಲಿನಿಂದ ಸಾಲಿಗೆ ಹಾರ್ಮೋನು ಹೆಚ್ಚಿಸುತ್ತಾ ಹೋಗಬೇಕು. "ಮೊದಲನೇ ಸಾಲು ಖಾಲಿ ಬಿಡಿ, ಅಕ್ಕ" ಎಂದಳು ಸಂಶೋಧಕಿ. ಹಾರ್ಮೋನು ಹಾಕದ ಸಾಲು ಒಂದಿರಬೇಕು, ಉಳಿದವನ್ನು ಅದರ ಜೊತೆ ಹೋಲಿಸಿ ನೋಡಲು. ಊಟದಕ್ಕ "ಆಯ್ತು" ಎಂದಳು. ಇಂಥ ತಟ್ಟೆಗಳನ್ನು ಅವಳು ಕಣ್ಣು ಮುಚ್ಚಿ ತುಂಬಬಲ್ಲಳು.

ಮೂರು ದಿನದ ಮೇಲೆ ಬಣ್ಣ ಹಾಕಿದರು. ಕೋಶಗಳು ಬದುಕಿದ್ದರೆ ಬಣ್ಣ ಗಾಢ ನೇರಳೆಯಾಗುತ್ತದೆ, ಸತ್ತಿದ್ದರೆ ಪೇಲವ. ಖಾಲಿ ಸಾಲು ನೇರಳೆ ಹಣ್ಣಿನಂತೆ ಮಿನುಗಿತು. ಹಾರ್ಮೋನು ಹೆಚ್ಚಾದ ಸಾಲುಗಳು ಒಂದಕ್ಕಿಂತ ಒಂದು ಬಿಳಿಚಿಕೊಂಡಿದ್ದವು. ಕೊನೆಯ ಸಾಲಿನಲ್ಲಿ ನೂರಕ್ಕೆ ಎಪ್ಪತ್ತು ಸತ್ತಿವೆ ಎಂದಿತು ಯಂತ್ರ. ಸಂಶೋಧಕಿ ಗ್ಲೌಸ್ ಸಮೇತ ಊಟದಕ್ಕನನ್ನು ತಬ್ಬಿಕೊಂಡಳು. ಇಪ್ಪತ್ತಾರು ವರ್ಷದಲ್ಲಿ ಆ ಲ್ಯಾಬಿನಲ್ಲಿ ಅವಳನ್ನು ಯಾರೂ ತಬ್ಬಿಕೊಂಡಿರಲಿಲ್ಲ. ಕೈ ಎಲ್ಲಿಡಬೇಕೆಂದು ತಿಳಿಯದೆ ಹನಿ ಹಾಕುವ ಪಿಪೆಟ್ ಹಿಡಿದುಕೊಂಡೇ ನಿಂತಳು.

ಅದೇ ಸಂಜೆ ಆರೂವರೆಗೆ ಅಣ್ಣನ ಫೋನ್ ಬಂತು.

"ಪುಟ್ಟಿ, ನಾನು."

ಐವತ್ನಾಲ್ಕು ತುಂಬಿದ ಅವಳನ್ನು ಪುಟ್ಟಿ ಎನ್ನುವವನು ಅವನೊಬ್ಬನೇ ಉಳಿದಿದ್ದ.

"ಏನಣ್ಣ, ಎಲ್ಲಾ ಸರಿ ಇದ್ಯಾ?"

"ಸರಿ ಇದ್ದಿದ್ರೆ ನಾನು ಫೋನ್ ಮಾಡ್ತಿದ್ನಾ?" ಎಂದು ನಗಲು ನೋಡಿದ. ಆಮೇಲೆ ಒಂದೊಂದಾಗಿ ಹೇಳಿದ. ಐದಾರು ತಿಂಗಳಿಂದ ರಕ್ತ ಬೀಳುತ್ತಿತ್ತಂತೆ. ದಿನವಿಡೀ ಕೂತು ಮೆಷಿನ್ ತುಳಿಯುವವನಿಗೆ ಮೂಲವ್ಯಾಧಿ ಬಿಟ್ಟು ಇನ್ನೇನು ಬರುತ್ತದೆ ಎಂದು ಸುಮ್ಮನಿದ್ದನಂತೆ. ಕೊನೆಗೆ ಅತ್ತಿಗೆ ಹಟ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಕ್ಯಾಮೆರಾ ಕೊಳವೆ ಹಾಕಿ ನೋಡಿದರು, ದೊಡ್ಡ ಕರುಳಿನ ಕೊನೆಯಲ್ಲಿ ಗಡ್ಡೆ ಸಿಕ್ಕಿತು, ಚೂರು ತೆಗೆದು ಪರೀಕ್ಷೆ ಮಾಡಿದರು, ಕ್ಯಾನ್ಸರ್ ಎಂದರು. ಮೂರು ವಾರದೊಳಗೆ ಆಪರೇಶನ್ ಆಗಬೇಕು.

"ಕಕ್ಕಸಿಗೆ ಅಂತ ಹೊಟ್ಟೆಗೆ ಚೀಲ ಕಟ್ಟಬೇಕಾಗಬಹುದಂತೆ, ಪುಟ್ಟಿ. ಜೀವಮಾನ ಇಡೀ ಊರೋರಿಗೆಲ್ಲ ಜೇಬು ಹೊಲಿದೆ. ಈಗ ನನ್ನ ಹೊಟ್ಟೆಗೇ ಒಂದು ಜೇಬು."

ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು. ಏನಾದರೂ ಹೇಳಬೇಕು, ಧೈರ್ಯ ತುಂಬಬೇಕು. ಬಾಯಿಗೆ ಬಂದದ್ದು ಅವತ್ತಿನ ತಟ್ಟೆ.

"ಅಣ್ಣ, ಹೆದರ್ಬೇಡ. ಇವತ್ತು ನಮ್ಮಲ್ಲಿ ಏನಾಯ್ತು ಗೊತ್ತಾ? ನಿಂದು ಯಾವ ಕ್ಯಾನ್ಸರೋ ಅದೇ ಕ್ಯಾನ್ಸರಿನ ಕೋಶ. ನೂರಕ್ಕೆ ಎಪ್ಪತ್ತು ಸತ್ತು ಬಿದ್ವು."

"ಯಾವುದರಿಂದ?"

"ಅದೊಂದು ಹಾರ್ಮೋನು. ನಮ್ಮ ಮೈಯಲ್ಲೇ ಇರೋದು."

"ಹೆಸರು ಹೇಳು, ತಡಿ, ಬರ್ಕೋತೀನಿ." ಕಾಗದ ಸಿಗದೆ ಕತ್ತರಿಸಲು ಹಾಸಿದ್ದ ಬಟ್ಟೆಯ ಅಂಚಿನಲ್ಲೇ ಸೀಮೆಸುಣ್ಣದಲ್ಲಿ ಬರೆದುಕೊಂಡ. "ಮೆ, ಲ, ಟೋ... ಹೂಂ. ನೋಡು, ನಮ್ಮನೇಲೂ ಒಬ್ಳು ವಿಜ್ಞಾನಿ ಇದಾಳೆ ಅನ್ನೋದೇ ಮರೆತುಹೋಗಿತ್ತು ನನಗೆ."

ಅದು ಬರೀ ತಟ್ಟೆಯಲ್ಲಿ ಅಣ್ಣ, ಮೈಯಲ್ಲಿ ಅಲ್ಲ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ವಿಜ್ಞಾನಿ ಎಂಬ ಪದ ಅದಕ್ಕಿಂತ ಮೊದಲು ಕಿವಿಗೆ ಬಿತ್ತು. ಅವಳ ಮಾತು ಅಲ್ಲೇ ನಿಂತಿತು.

ಮರುದಿನ ಆರೂವರೆಗೆ ಮತ್ತೆ ಫೋನ್. ಮಾತ್ರೆ ತಂದನಂತೆ, ಒಂದು ನುಂಗಿದನಂತೆ, ಕಣ್ಣು ತುಂಬಾ ನಿದ್ದೆ ಬಂತಂತೆ. ಅದರ ಮರುದಿನವೂ ಫೋನ್. ಆ ಹೊತ್ತಿಗೆ ಅವನು ಮೆಷಿನ್ ನಿಲ್ಲಿಸಿ ಚಹಾ ಕುಡಿಯುತ್ತಿದ್ದ. "ಇವತ್ತು ಎಷ್ಟು ಸತ್ವು, ಪುಟ್ಟಿ?" ಎಂಬುದು ಪೀಠಿಕೆ. ಆಮೇಲೆ ಮಾತು ಎಲ್ಲೆಲ್ಲಿಗೋ ಹೋಗುತ್ತಿತ್ತು. ಗಿರಾಕಿಗಳ ಸೊಂಟದ ಸುದ್ದಿ: ಉಸಿರು ಬಿಗಿಹಿಡಿದು ಅಳತೆ ಕೊಟ್ಟು, ಆಮೇಲೆ ಪ್ಯಾಂಟು ಬಿಗಿಯಾಯ್ತು ಎಂದು ಜಗಳಕ್ಕೆ ಬರುವ ಮಾಸ್ತರು. ಶಾಲೆಯಲ್ಲಿ ಅವಳ ಚಪ್ಪಲಿ ಕಳೆದಾಗ ಅವನು ತನ್ನದನ್ನು ಕೊಟ್ಟು ಬರಿಗಾಲಲ್ಲಿ ನಡೆದದ್ದು. ತಾಯಿ ಸಿಟ್ಟು ಬಂದಾಗ ಇಬ್ಬರ ಹೆಸರನ್ನೂ ಅದಲುಬದಲು ಮಾಡಿ ಕೂಗುತ್ತಿದ್ದದ್ದು. ಒಂದು ಸಂಜೆ ಅವನು ತಾಯಿಯ ದನಿಯಲ್ಲೇ ಕೂಗಿ ತೋರಿಸಿದ. ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡಳು, ಫೋನ್ ಇಟ್ಟ ಮೇಲೂ ಒಬ್ಬಳೇ ನಕ್ಕಳು.

ಅವಳ ದಿನಗಳ ಚಹರೆಯೇ ಬದಲಾಯಿತು. ಆರೂಕಾಲಿಗೆಲ್ಲ ಮುಖ ತೊಳೆದು, ಕುರ್ಚಿಯ ಮೇಲಿನ ಬಟ್ಟೆ ಎತ್ತಿಟ್ಟು, ಚಹಾ ಹಿಡಿದು ಕೂರುತ್ತಿದ್ದಳು. ಫೋನಿನಲ್ಲಿ ಮಾತಾಡಲು ಮುಖ ಯಾಕೆ ತೊಳೆಯಬೇಕು ಎಂದು ಕೇಳಬೇಡಿ. ಹೇಳಲು ಏನಾದರೂ ಇರಬೇಕೆಂದು ಹಗಲೆಲ್ಲ ಕಣ್ಣು ಕಿವಿ ತೆರೆದುಕೊಂಡು ಓಡಾಡಿದಳು. ಬಸ್ಸಿನಲ್ಲಿ ಕೇಳಿದ ಜಗಳ, ಲ್ಯಾಬಿನ ಮೆಟ್ಟಿಲಲ್ಲಿ ಮರಿ ಹಾಕಿದ ಬೆಕ್ಕು, ಎಲ್ಲವನ್ನೂ ಬಾಟಲಿಗೆ ಅಂಟಿಸುವ ಚೀಟಿಯ ಹಿಂದೆ ಬರೆದಿಟ್ಟುಕೊಂಡಳು. ಅವಳಿಗೆ ಸುಖವಾಗಿತ್ತು. ಅಣ್ಣನ ಹೊಟ್ಟೆಯಲ್ಲಿ ಗಡ್ಡೆ ಬೆಳೆಯುತ್ತಿದ್ದಾಗ ತಂಗಿಗೆ ಸುಖವಾಗಿತ್ತು ಎಂದು ಹೇಳಲು ನನಗೂ ಕಸಿವಿಸಿಯೇ. ಆದರೆ ಇದ್ದದ್ದು ಹಾಗೆಯೇ.

ಎಂಟನೇ ದಿನ ಅವನೆಂದ: "ಆಪರೇಶನ್ ಒಂದು ತಿಂಗಳು ಮುಂದೆ ಹಾಕಿಸ್ದೆ. ಮಾತ್ರೆ ತನ್ನ ಕೆಲಸ ತಾನು ಮಾಡ್ತಿದ್ರೆ ಸುಮ್ನೆ ಯಾಕೆ ಕುಯ್ಯಿಸ್ಕೋಬೇಕು? ಏನಂತೀಯ?"

ಊಟದಕ್ಕನಿಗೆ ಗೊತ್ತಿತ್ತು. ಇಪ್ಪತ್ತಾರು ವರ್ಷದಲ್ಲಿ ತಟ್ಟೆಯಲ್ಲಿ ಕ್ಯಾನ್ಸರನ್ನು ಕೊಂದ ವಸ್ತುಗಳನ್ನು ಅವಳು ಲೆಕ್ಕವಿಲ್ಲದಷ್ಟು ನೋಡಿದ್ದಳು. ಅವುಗಳಲ್ಲಿ ಮನುಷ್ಯರವರೆಗೆ ಬಂದದ್ದು ಬೆರಳೆಣಿಕೆ. ತಟ್ಟೆಯಲ್ಲಿ ಸೋಪಿನ ನೀರು ಹಾಕಿದರೂ ಕೋಶ ಸಾಯುತ್ತದೆ. ಗುಳಿಗೆ ಸುರಿದ ಹಾರ್ಮೋನಿನ ಪ್ರಮಾಣವೋ, ಒಂದು ಮಾತ್ರೆಯಿಂದ ರಕ್ತಕ್ಕೆ ಸೇರುವುದರ ಎಷ್ಟೋ ಸಾವಿರ ಪಟ್ಟು. ಇಷ್ಟನ್ನು ಎರಡು ನಿಮಿಷದಲ್ಲಿ ಹೇಳಬಹುದಿತ್ತು.

"ಡಾಕ್ಟರ್ ಏನಂದ್ರು?" ಎಂದಳು.

"ಬೈದ್ರು. ಡಾಕ್ಟರ್‌ಗಳು ಇನ್ನೇನು ಮಾಡ್ತಾರೆ."

"ಹೂಂ" ಎಂದಳು.

ಆ ಒಂದು "ಹೂಂ" ಎಂಥದ್ದೆಂದು ಅವಳಿಗೆ ಅವತ್ತೇ ಗೊತ್ತಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡಳು. ಹೇಳಿಬಿಟ್ಟರೆ ಹಾರ್ಮೋನಿನ ಕಥೆ ಮುಗಿಯುತ್ತದೆ, ಕಥೆ ಮುಗಿದರೆ ಫೋನೂ ಮುಗಿಯುತ್ತದೆ. ನಾಳೆ ಬಂತು, ಅವನು ಹೊಸ ಗಿರಾಕಿಯೊಬ್ಬನ ಗೂನುಬೆನ್ನಿಗೆ ಕೋಟು ಹೊಲಿಯುವ ಕಷ್ಟ ಹೇಳಿ ನಗಿಸಿದ. ಅವಳು ಬಾಯಿಗೆ ಬೀಗ ಹಾಕಿಕೊಂಡಳು.

ಹೀಗೆ ಒಂದು ತಿಂಗಳು ಹತ್ತಿರ ಬಂತು. ಲ್ಯಾಬಿನಲ್ಲಿ ಅದೇ ಪ್ರಯೋಗ ಇನ್ನೆರಡು ಸಲ ನಡೆದು ಅದೇ ಫಲಿತಾಂಶ ಬಂದಿತ್ತು. ಸಂಶೋಧಕಿ ಲೇಖನ ಬರೆಯಲು ಕೂತಿದ್ದಳು. ಒಂದು ಬೆಳಿಗ್ಗೆ ನೋಟ್‌ಬುಕ್ ಹಿಡಿದು ಬಂದು ಕೇಳಿದಳು:

"ಅಕ್ಕ, ಖಾಲಿ ಸಾಲಿಗೆ ಆಲ್ಕೋಹಾಲ್ ಎಷ್ಟು ಹಾಕಿದ್ರಿ? ಬರ್ಕೋಬೇಕು."

"ಖಾಲಿಗೆ ಯಾಕೆ ಹಾಕ್ಲಿ?" ಎಂದಳು ಊಟದಕ್ಕ. "ಖಾಲಿ ಅಂದ್ರೆ ಖಾಲಿ. ಊಟ ಅಷ್ಟೆ."

ಸಂಶೋಧಕಿಯ ಮುಖ ಸುಣ್ಣ ಬಳಿದ ಹಾಗಾಯಿತು.

ವಿಷಯ ಇಷ್ಟೆ. ಈ ಹಾರ್ಮೋನು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಆಲ್ಕೋಹಾಲಿನಲ್ಲಿ ಕರಗಿಸಿ ಹಾಕಬೇಕು. ಹಾರ್ಮೋನು ಹೆಚ್ಚು ಹಾಕಿದಷ್ಟೂ ಆಲ್ಕೋಹಾಲೂ ಹೆಚ್ಚು ಹೋಗುತ್ತದೆ. ಆದ್ದರಿಂದ ಹೋಲಿಕೆಯ ಸಾಲಿಗೂ ಹಾರ್ಮೋನಿಲ್ಲದ ಬರೀ ಆಲ್ಕೋಹಾಲನ್ನು ಅಷ್ಟೇ ಹಾಕಬೇಕು. ಸಂಶೋಧಕಿ ಹಿಂದೆ ಕೆಲಸ ಮಾಡಿದ ಲ್ಯಾಬಿನಲ್ಲಿ ಖಾಲಿ ಎಂದರೆ ಹಾರ್ಮೋನು ಒಂದು ಬಿಟ್ಟು ಮಿಕ್ಕಿದ್ದೆಲ್ಲ. ಇಲ್ಲಿ ಅವಳಿಗಿಂತ ಮುಂಚೆ ಇದ್ದ ಸಂಶೋಧಕನ ಔಷಧಿ ನೀರಿನಲ್ಲೇ ಕರಗುತ್ತಿತ್ತು. ಹಾಗಾಗಿ ಊಟದಕ್ಕನ ಕೈಗೆ ಎಂಟು ವರ್ಷದಿಂದ ಖಾಲಿ ಎಂದರೆ ಬರೀ ಊಟ. ಒಂದೇ ಪದವನ್ನು ಇಬ್ಬರೂ ತಮ್ಮ ತಮ್ಮ ಅರ್ಥದಲ್ಲಿ ಇಟ್ಟುಕೊಂಡು ಮೂರು ತಟ್ಟೆ ತುಂಬಿದ್ದರು.

"ನನ್ನದೇ ತಪ್ಪು ಅಕ್ಕ, ನಾನು ಬಿಡಿಸಿ ಹೇಳಬೇಕಿತ್ತು" ಎಂದಳು ಸಂಶೋಧಕಿ. ಇನ್ನೊಬ್ಬಳಾಗಿದ್ದರೆ ಕೂಗಾಡುತ್ತಿದ್ದಳು. ಇವಳು ಕೂಗಾಡಲಿಲ್ಲ ಎಂಬುದೇ ಊಟದಕ್ಕನನ್ನು ಹೆಚ್ಚು ಸುಟ್ಟಿತು.

ಪ್ರಯೋಗ ಮತ್ತೆ ಮಾಡಲು ನಾಲ್ಕು ದಿನ ಬೇಕು. ಆ ನಾಲ್ಕು ಸಂಜೆಯೂ ಅಣ್ಣ ಫೋನ್ ಮಾಡಿದ, ನಾಲ್ಕು ಸಂಜೆಯೂ ಅವಳು ಮಾತಾಡಿದಳು. ಖಾತ್ರಿ ಮಾಡಿಕೊಂಡೇ ಹೇಳಬೇಕಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅದೂ ಸುಳ್ಳೇ. ಇನ್ನು ನಾಲ್ಕು ಸಂಜೆ ಅವಳಿಗೆ ಬೇಕಿತ್ತು, ಅಷ್ಟೆ.

ಐದನೇ ದಿನ ಬೆಳಿಗ್ಗೆ ಬಣ್ಣ ಹಾಕಿದರು. ಬರೀ ಆಲ್ಕೋಹಾಲಿನ ಸಾಲೂ ಬಿಳಿಚಿಕೊಂಡಿತ್ತು. ಕೋಶಗಳನ್ನು ಕೊಂದದ್ದರಲ್ಲಿ ಸಿಂಹಪಾಲು ಆಲ್ಕೋಹಾಲಿನದು. ಅದನ್ನು ಕಳೆದರೆ ಹಾರ್ಮೋನಿನ ಪಾಲಿಗೆ ಉಳಿದದ್ದು ನೂರಕ್ಕೆ ಹನ್ನೆರಡು. ಅದೂ ಸಾವಲ್ಲ, ಕೋಶಗಳು ಒಂದು ಎರಡಾಗುವುದು ಸ್ವಲ್ಪ ನಿಧಾನವಾಗಿತ್ತು. ಸಂಶೋಧಕಿ ಕಿಟಕಿಯ ಹತ್ತಿರ ಹೋಗಿ ಎರಡು ನಿಮಿಷ ನಿಂತು ಮೂಗೊರೆಸಿಕೊಂಡು ಬಂದಳು. "ಹನ್ನೆರಡೂ ಒಂದು ಉತ್ತರವೇ ಅಕ್ಕ. ಇನ್ನೂ ಗಟ್ಟಿಯಾಗಿ ಕರಗಿಸಿ, ಆಲ್ಕೋಹಾಲ್ ಕಡಿಮೆ ಮಾಡಿ ನೋಡೋಣ" ಎಂದಳು. ಊಟದಕ್ಕ ಅರ್ಧ ದಿನದ ರಜೆ ಬರೆದುಕೊಟ್ಟು ಬಸ್ಸು ಹತ್ತಿದಳು.

ದರ್ಜಿ ಅಂಗಡಿಯಲ್ಲಿ ಅಣ್ಣ ಮೇಜಿನ ಮೇಲೆ ಬೂದು ಬಣ್ಣದ ಬಟ್ಟೆ ಹಾಸಿಕೊಂಡು ಕತ್ತರಿಸುತ್ತಿದ್ದ. ಷರ್ಟು ಹೆಗಲಿನಿಂದ ಜೋತುಬಿದ್ದಿತ್ತು. ಇಷ್ಟು ಇಳಿದಿದ್ದಾನೆಂದು ಫೋನಿನಲ್ಲಿ ಗೊತ್ತಾಗಿರಲಿಲ್ಲ. ಮೂಲೆಯಲ್ಲಿ ಅತ್ತಿಗೆ ಗುಂಡಿ ಹಾಕುತ್ತಾ ಕೂತಿದ್ದಳು.

"ಅರೆ, ಪುಟ್ಟಿ! ಏನಿದು, ಇಷ್ಟು ಹೊತ್ತಲ್ಲಿ?"

ಕೂತರೆ ಮತ್ತೆ ಮಾತು ಬೇರೆಲ್ಲೋ ಹೋಗುತ್ತದೆಂದು ನಿಂತೇ ಹೇಳಿದಳು. "ಅಣ್ಣ, ಆ ಮಾತ್ರೆಯಿಂದ ಏನೂ ಆಗಲ್ಲ."

ಕತ್ತರಿ ಬಟ್ಟೆಯ ನಡುವೆ ನಿಂತಿತು. ಅವಳು ಎಲ್ಲ ಹೇಳಿದಳು. ಖಾಲಿ ಸಾಲು, ಆಲ್ಕೋಹಾಲು, ಹನ್ನೆರಡು. ತಟ್ಟೆಯೇ ಬೇರೆ, ಮೈಯೇ ಬೇರೆ ಎಂಬುದನ್ನೂ ಹೇಳಿದಳು. ಅದು ತನಗೆ ಮೊದಲಿಂದ ಗೊತ್ತಿತ್ತು ಎಂಬುದನ್ನು ಮಾತ್ರ ಹೇಳಲಿಲ್ಲ.

"ಅಂದ್ರೆ ಅವೆಲ್ಲ ಕುಡಿದು ಸತ್ತಿದ್ದಾ?" ಎಂದ ಅಣ್ಣ.

"ಹೆಚ್ಚುಕಡಿಮೆ ಹಾಗೇ."

ಅತ್ತಿಗೆ ಕಿಸಕ್ಕೆಂದು ನಕ್ಕಳು, ನಕ್ಕ ತಕ್ಷಣ ಹೊಲಿಯುತ್ತಿದ್ದ ಷರ್ಟಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ಹೆಗಲು ಅಲುಗುತ್ತಲೇ ಇತ್ತು. ಅದು ನಗುವಲ್ಲ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಆಪರೇಶನ್ ಮಾಡಿಸ್ಕೋ ಅಣ್ಣ. ನಾಳೆನೇ ಹೋಗು."

"ಕತ್ತರಿ ಹಿಡಿಯೋನಿಗೆ ಹೇಳ್ತಿದೀಯಾ? ಒಂದ್ಸಲ ಕತ್ತರಿಸಿದ್ದು ಮತ್ತೆ ಮೊದಲಿನ ಹಾಗೆ ಆಗಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

"ಹರಿದಿದ್ದನ್ನ ಹಾಗೇ ಬಿಟ್ರೆ ಇನ್ನಷ್ಟು ಹರಿಯತ್ತೆ ಅನ್ನೋದೂ ನಿನಗೇ ಗೊತ್ತು."

ಅವನು ಕತ್ತರಿ ಕೆಳಗಿಟ್ಟ. ಗಿರಾಕಿಗಳು ಪ್ಯಾಂಟು ಹಾಕಿ ನೋಡುವ ಜಾಗಕ್ಕೆ ಒಂದು ಪರದೆ ಕಟ್ಟಿತ್ತು. ಅದರ ಹಿಂದೆ ಹೋಗಿ ನಿಂತುಬಿಟ್ಟ. ಪರದೆಯ ಕೆಳಗೆ ಅವನ ಪಾದಗಳು ಕಾಣುತ್ತಿದ್ದವು. ಒಳಗಿಂದ ದನಿ ಬಂತು.

"ಹಾಗಾದ್ರೆ ಇನ್ನು ನಿನ್ನ ಹತ್ರ ಕೇಳೋಕೆ ಏನೂ ಇಲ್ಲ ಬಿಡು."

ಸಿಟ್ಟು ಎಂದುಕೊಂಡಳು ಅವಳು. ಸಿಟ್ಟೇ ಆಗಬೇಕಾದದ್ದು ಎಂದೂ ಅಂದುಕೊಂಡಳು. ಅತ್ತಿಗೆ ಅವಳ ಬೆನ್ನ ಮೇಲೆ ಕೈಯಿಟ್ಟು "ನೀನು ಹೋಗಮ್ಮ, ನಾನು ನೋಡ್ಕೋತೀನಿ" ಎಂದಳು.

ಅವತ್ತು ಆರೂವರೆಗೆ ಫೋನ್ ಬರಲಿಲ್ಲ. ಮರುದಿನವೂ ಇಲ್ಲ. ಎಂಟು ದಿನದ ಮೇಲೆ ಅತ್ತಿಗೆ ಫೋನ್ ಮಾಡಿ ಆಪರೇಶನ್ ಆಯಿತೆಂದಳು. ಊಟದಕ್ಕ ಓಡಿಹೋದಳು, ಗಾಜಿನಾಚೆ ಮಲಗಿದ್ದವನನ್ನು ನೋಡಿ ಬಂದಳು, ಅವನಿಗೆ ಎಚ್ಚರವಿರಲಿಲ್ಲ. ಗಡ್ಡೆ ಪೂರ್ತಿ ಹೊರಬಂದಿದೆಯಂತೆ. ಚೀಲ ಕಟ್ಟಿದ್ದಾರೆ, ಕೆಲವು ತಿಂಗಳಿಗೆ ಮಾತ್ರವಂತೆ. ಒಂದು ವಾರದ ನಂತರ ಇನ್ನೊಂದು ವರದಿ ಬಂತು: ಕರುಳಿನ ಪಕ್ಕದಿಂದ ತೆಗೆದ ಹದಿನಾಲ್ಕು ದುಗ್ಧಗ್ರಂಥಿಗಳಲ್ಲಿ ಎರಡಕ್ಕೆ ರೋಗ ಹರಡಿತ್ತು. ಕೀಮೋ ಕೊಡಬೇಕು. ಅಣ್ಣನ ಎದುರಿಗೆ ಹೋಗಲು ಧೈರ್ಯವಾಗದೆ ಅವಳು ವರಾಂಡದಲ್ಲೇ ಸರ್ಜನ್ನನ್ನು ತಡೆದು ಕೇಳಿದಳು.

"ಒಂದು ತಿಂಗಳು ಮುಂಚೆ ಮಾಡಿದ್ದಿದ್ರೆ ಈ ಎರಡು ಇರ್ತಿರ್ಲಿಲ್ವಾ ಡಾಕ್ಟ್ರೇ?"

"ಹೇಳೋಕಾಗಲ್ಲಮ್ಮ. ಆಗಲೇ ಇದ್ದಿರಬಹುದು, ಇಲ್ಲದೇನೂ ಇದ್ದಿರಬಹುದು" ಎಂದು ಅವರು ನಡೆದರು.

ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ. ಹೌದು ಎಂದಿದ್ದರೆ ಅತ್ತು ಮುಗಿಸಬಹುದಿತ್ತು. ಇಲ್ಲ ಎಂದಿದ್ದರೆ ನೆಮ್ಮದಿಯಾಗಿ ಮಲಗಬಹುದಿತ್ತು. ಈಗ ಎರಡೂ ಇಲ್ಲ. ಸಂಜೆಗಳು ಮೊದಲಿಗಿಂತ ಉದ್ದವಾದವು. ಮೊದಲಾದರೋ ಫೋನ್ ಬರುವುದಿಲ್ಲವೆಂದು ಗೊತ್ತಿದ್ದ ಸಂಜೆಗಳು, ಅವುಗಳಿಗೆ ಅವಳು ಒಗ್ಗಿಕೊಂಡಿದ್ದಳು. ಈಗ ಆರೂವರೆಗೆ ಕೈ ತಾನಾಗಿ ಚಹಾ ಕಾಯಿಸುತ್ತಿತ್ತು. ಫೋನನ್ನು ಅಡುಗೆಮನೆಯಲ್ಲಿ ಬಿಟ್ಟು ಕೋಣೆಯ ಬಾಗಿಲು ಹಾಕಿಕೊಂಡು ಕೂತಳು ಒಂದು ದಿನ. ಕಿವಿ ಮಾತ್ರ ಅಡುಗೆಮನೆಯಲ್ಲೇ ಇತ್ತು. ಲ್ಯಾಬಿನಲ್ಲಿ ಕೋಶಗಳಿಗೆ ಊಟ ಹಾಕುವಾಗ, ಎಷ್ಟು ಸುಲಭವಾಗಿ ಬೆಳೆಯುತ್ತವೆ ಇವು, ಯಾರ ಸಂಕಟವೂ ಇಲ್ಲದೆ, ಎಂದು ಹೊಟ್ಟೆ ಉರಿಯಿತು. ಆದರೂ ಒಂದು ದಿನವೂ ತಪ್ಪಿಸಲಿಲ್ಲ.

ಆಪರೇಶನ್ ಆದ ಎರಡನೇ ವಾರದ ಕೊನೆಗೆ ಅತ್ತಿಗೆಯೇ ಕರೆದಳು. "ಬಂದು ಹೋಗು. ಬಾಯಿ ಬಿಟ್ಟು ಹೇಳಲ್ಲ, ಆದ್ರೆ ಯಾರಾದ್ರೂ ಬಂದ್ರೆ ಬಾಗಿಲ ಕಡೆ ನೋಡ್ತಾರೆ."

ಮಧ್ಯಾಹ್ನದ ಭೇಟಿಯ ಹೊತ್ತು. ಆರು ಹಾಸಿಗೆಯ ವಾರ್ಡಿನಲ್ಲಿ ಅಣ್ಣನದು ಗೋಡೆಯ ಪಕ್ಕದ್ದು. ಅವಳನ್ನು ಕಂಡು ಅತ್ತಿಗೆ ಫ್ಲಾಸ್ಕ್ ತೊಳೆಯುವ ನೆವದಲ್ಲಿ ಎದ್ದು ಹೋದಳು. ಊಟದಕ್ಕ ಸ್ಟೂಲಿನ ತುದಿಯಲ್ಲಿ ಕೂತಳು. ಅಣ್ಣ ಹೊದಿಕೆಯ ಅಂಚಿನ ಹೊಲಿಗೆಯನ್ನು ಬೆರಳಲ್ಲಿ ನೋಡುತ್ತಿದ್ದ.

"ಕೆಟ್ಟ ಹೊಲಿಗೆ" ಎಂದ. ಆಮೇಲೆ ತಲೆಯೆತ್ತದೆ, "ನಾನು ಆಪರೇಶನ್ ಮುಂದೆ ಹಾಕಿಸ್ದೆ ಅಂದಾಗ ನಿನಗೆ ಗೊತ್ತಿತ್ತಾ, ಮಾತ್ರೆಯಿಂದ ಆಗಲ್ಲ ಅಂತ?"

ಎಲ್ಲಿಗೂ ಓಡುವಂತಿರಲಿಲ್ಲ. "ಗೊತ್ತಿತ್ತು" ಎಂದಳು.

"ಆಲ್ಕೋಹಾಲ್ ವಿಷಯ ಗೊತ್ತಾಗೋಕೆ ಮುಂಚೇನೇ?"

"ಹೂಂ. ಮುಂಚೇನೇ."

"ಮತ್ತೆ ಯಾಕೆ ಹೇಳ್ಲಿಲ್ಲ?"

ಅವಳು ಇಷ್ಟು ದಿನ ಈ ಪ್ರಶ್ನೆಗೆ ಹತ್ತಾರು ಉತ್ತರ ಹೊಂದಿಸಿಟ್ಟಿದ್ದಳು. ಒಂದೂ ನೆನಪಿಗೆ ಬರಲಿಲ್ಲ. "ಹೇಳಿದ್ರೆ ನೀನು ಫೋನ್ ಮಾಡಲ್ಲ ಅಂತ" ಎಂದಳು, ಎಂದವಳೇ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. "ನಂಗೆ ಯಾರೂ ಫೋನ್ ಮಾಡಲ್ಲ ಅಣ್ಣ."

ಪಕ್ಕದ ಹಾಸಿಗೆಯವರು ಕಿತ್ತಳೆ ಸುಲಿಯುವುದನ್ನು ನಿಲ್ಲಿಸಿ ಇತ್ತ ನೋಡಿದರು, ಮತ್ತೆ ಸುಲಿಯತೊಡಗಿದರು. ಅಣ್ಣ ಹೊದಿಕೆಯ ಅಂಚನ್ನು ಒಳಗೆ ಮಡಚಿದ. ಬೈಯುತ್ತಾನೆ, ಎದ್ದು ಹೋಗು ಎನ್ನುತ್ತಾನೆ ಎಂದು ಅವಳು ಕಾದಳು.

"ನಾನು ಮಾತ್ರೆ ನುಂಗಿದ್ದು ಹನ್ನೊಂದೇ ದಿನ" ಎಂದ ಅವನು.

ಅವಳು ಕೈ ತೆಗೆದಳು.

"ಹಗಲೂ ತೂಕಡಿಕೆ ಬರೋದು. ಒಬ್ಬರ ತೋಳನ್ನ ಇನ್ನೊಬ್ಬರ ಕೋಟಿಗೆ ಹೊಲಿದುಬಿಟ್ಟೆ. ರಕ್ತ ಬೀಳೋದೂ ನಿಂತಿರ್ಲಿಲ್ಲ. ಇದು ಕೆಲಸಕ್ಕೆ ಬರಲ್ಲ ಅಂತ ಅವತ್ತೇ ತೆಗೆದು ಕಸಕ್ಕೆ ಹಾಕ್ದೆ. ನಿನ್ನ ಅತ್ತಿಗೆಗೂ ಹೇಳ್ಲಿಲ್ಲ."

"ಮತ್ತೆ ದಿನಾ ಎಷ್ಟು ಸತ್ವು ಅಂತ ಕೇಳ್ತಿದ್ಯಲ್ಲ!"

"ಇನ್ನೇನು ಕೇಳ್ಲಿ?" ಎಂದ ಅವನು. "ಕುಯ್ಯಿಸ್ಕೊಳ್ಳೋಕೆ ಹೆದರಿಕೆ ಇತ್ತು, ಇಲ್ಲ ಅನ್ನಲ್ಲ. ಆದ್ರೆ ಮಾತ್ರೆ ಬಿಟ್ಟೆ ಅಂದ್ರೆ ಆರೂವರೆಗೆ ಯಾವ ಮುಖ ಇಟ್ಕೊಂಡು ಫೋನ್ ಮಾಡ್ಲಿ? ಹತ್ತು ವರ್ಷ ನಾನಾಗಿ ಒಂದ್ಸಲಾನೂ ಮಾಡಿರ್ಲಿಲ್ಲ."

ಊಟದಕ್ಕ ಮನಸ್ಸಿನಲ್ಲೇ ದಿನ ಎಣಿಸಿದಳು. ಹನ್ನೊಂದನೇ ದಿನದಿಂದ ತಾನು ಅಂಗಡಿಗೆ ಹೋದ ದಿನದವರೆಗೆ. ಅವಳು ಒಂದು ಸುಳ್ಳು ಹಿಡಿದುಕೊಂಡು, ಅವನು ಇನ್ನೊಂದು ಹಿಡಿದುಕೊಂಡು, ಬೆಕ್ಕಿನ ಮರಿ, ಮಾಸ್ತರ ಸೊಂಟ ಎಂದು ನಗುತ್ತಾ ಕಳೆದ ದಿನಗಳು. ಹದಿನಾಲ್ಕರಲ್ಲಿ ಆ ಎರಡು ಗ್ರಂಥಿಗಳು ಆ ದಿನಗಳಲ್ಲೇ ಕೆಟ್ಟವೋ, ಮೊದಲೇ ಕೆಟ್ಟಿದ್ದವೋ. ಅಣ್ಣನೂ ಅದನ್ನೇ ಎಣಿಸುತ್ತಿದ್ದಾನೆಂದು ಅವನ ಬೆರಳುಗಳನ್ನು ನೋಡಿ ಅವಳಿಗೆ ಗೊತ್ತಾಯಿತು.

"ಸುಮ್ನೆ, ಏನೂ ವಿಷಯ ಇಲ್ದೆ, ಫೋನ್ ಮಾಡಬಹುದಿತ್ತು ಅಲ್ವಾ ಪುಟ್ಟಿ?" ಎಂದ ಅವನು.

"ಮಾಡಬಹುದಿತ್ತು."

"ನಮಗೆ ಬರ್ಲಿಲ್ಲ."

"ಹೂಂ" ಎಂದಳು ಅವಳು. "ನಮಗೆ ಬರ್ಲಿಲ್ಲ ಅಣ್ಣ."